ಜಂತಿ ಮೇಲಿನ ಬಂದೂಕು, ಕೊಪ್ಪಳದ ಕೋಟೆ: ಮುಂಡರಗಿ ಭೀಮರಾಯರ ಕಥೆ

ಹನುಮಸಾಗರ: ಖಂಡೆ ನವಮಿ ಬಂತೆಂದರೆ ನಮ್ಮ ಭಾಗದ ಹಳೇ ವಾಡೆಗಳಲ್ಲಿ, ಗೌಡರು-ದೇಸಾಯಿಗಳು-ನಾಡಗೌಡರ ಮನೆಗಳಲ್ಲಿ ಒಂದು ಕೆಲಸ ತಪ್ಪದೇ ನಡೀತದ. ವರ್ಷವಿಡೀ ದೇವರ ಕೋಣೆಯಲ್ಲೋ, ಪಡಸಾಲೆಯ ಗೋಡೆ ಮೇಲೋ, ಜಂತಿಯ ಸಂದಿಯಲ್ಲೋ ಇರುವ ಬಂದೂಕನ್ನು ಕೆಳಗಿಳಿಸಿ, ಧೂಳು ಜಾಡಿಸಿ, ಎಣ್ಣೆ ಬಟ್ಟೆಯಿಂದ ಒರೆಸುತ್ತಾರೆ. ಕತ್ತಿ, ಭರ್ಚಿ, ಕುಡಗೋಲು, ಕೂರಿಗೆ ಸಾಲಿನೊಳಗೆ ಅದನ್ನೂ ಇಟ್ಟು ವಿಭೂತಿ, ಕುಂಕುಮ ಹಚ್ಚಿ, ಚೆಂಡು ಹೂವಿನ ಮಾಲೆ ಹಾಕಿ, ಕಾಯಿ ಒಡೆಯುತ್ತಾರೆ. ಮರುದಿನ ಬನ್ನಿ ಮುಡಿದು ಬಂದ ಮೇಲೆ ಬಂದೂಕು ಮತ್ತೆ ತನ್ನ ಜಾಗ ಸೇರುತ್ತದೆ. ಮುಂದಿನ ಮಹಾನವಮಿತನಕ ಅದನ್ನು ಯಾರೂ ಮುಟ್ಟೋದಿಲ್ಲ.

ಅದರಿಂದ ಯಾವಾಗ ಗುಂಡು ಹಾರಿತ್ತು ಅಂತ ಕೇಳಿದರೆ ಮನೆಯ ಹಿರಿಯರಿಗೂ ಸರಿಯಾಗಿ ನೆನಪಿರೋದಿಲ್ಲ. ಅಜ್ಜನ ಕಾಲಕ್ಕೆ ಕಾಡುಹಂದಿ ಬೆದರಿಸಲು ಹಾರಿಸಿದ್ದು, ಮುತ್ತಜ್ಜನ ಕಾಲಕ್ಕೆ ಮದುವೆ ಮೆರವಣಿಗೆಯಲ್ಲಿ ಹಾರಿಸಿದ್ದು, ಅಷ್ಟೇ. ಆದರೂ ಅದನ್ನು ಮಾರೋಣ ಅಂದರೆ ಮನೆಯಲ್ಲಿ ಯಾರೂ ಒಪ್ಪೋದಿಲ್ಲ. ಹೊಲ ಮಾರಿದವರು ಇದ್ದಾರೆ, ವಾಡೆ ಮಾರಿದವರೂ ಇದ್ದಾರೆ, ಬಂದೂಕು ಮಾತ್ರ ಬಿಟ್ಟಿಲ್ಲ.

ಹಾರದ ಬಂದೂಕಿಗೆ ಇಷ್ಟು ಮಮತೆ ಯಾಕೆ? ಇದಕ್ಕೆ ಉತ್ತರ ಹುಡುಕಿಕೊಂಡು ಹೋದರೆ ನಮ್ಮದೇ ಜಿಲ್ಲೆಯ ಕೊಪ್ಪಳ ಕೋಟೆಯ ಮೆಟ್ಟಿಲು ಹತ್ತಬೇಕಾಗುತ್ತದೆ. 1858ರ ಜೂನ್ 1ರಂದು ಅದೇ ಕೋಟೆಯಲ್ಲಿ ಪ್ರಾಣ ಕೊಟ್ಟ ಮುಂಡರಗಿ ಭೀಮರಾಯರ ಜೀವನದೊಳಗೆ ಈ ಪ್ರಶ್ನೆಗೆ ಉತ್ತರ ಐತಿ.

ಯಾರು ಈ ಭೀಮರಾಯರು

ಭೀಮರಾಯರು ಮುಂಡರಗಿಯ ನಾಡಗೌಡಕಿ ಮನೆತನದವರು. ಮುಂಡರಗಿ ಈಗ ಗದಗ ಜಿಲ್ಲೆಯ ತಾಲ್ಲೂಕು ಕೇಂದ್ರ, ಆಗ ಧಾರವಾಡ ಜಿಲ್ಲೆಗೆ ಸೇರಿತ್ತು. ಅಂದರೆ ಕಂಪನಿ ಸರಕಾರದ ಮುಂಬಯಿ ಪ್ರಾಂತ್ಯದೊಳಗೆ. ಪೂರ್ವಕ್ಕೆ ಸ್ವಲ್ಪ ಬಂದರೆ ಹೈದರಾಬಾದ್ ನಿಜಾಮನ ಸೀಮೆ, ದಕ್ಷಿಣಕ್ಕೆ ತುಂಗಭದ್ರೆ ದಾಟಿದರೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ. ಮೂರು ಆಡಳಿತಗಳ ಗಡಿ ಕೂಡುವ ಜಾಗ ಅದು.

ನಾಡಗೌಡಕಿ ಅಂದರೆ ಊರೂರಿನ ಕಂದಾಯದ ಲೆಕ್ಕ, ನ್ಯಾಯ-ಪಂಚಾಯ್ತಿ, ಕಾವಲು ನೋಡಿಕೊಳ್ಳುವ ವಂಶಪಾರಂಪರ್ಯದ ಹಕ್ಕು. ಇಂಥ ಮನೆತನಗಳಿಗೆ ಇನಾಮು ಭೂಮಿ ಇರುತ್ತಿತ್ತು, ಕೈಕೆಳಗೆ ಶೇತಸನದಿಗಳು, ವಾಲಿಕಾರರು, ತಳವಾರರು ಇರುತ್ತಿದ್ದರು. ದಾರಿಗಳ್ಳರಿಂದ ಊರು ಕಾಯಲು ಬಂದೂಕು, ಕತ್ತಿ ಇಟ್ಟುಕೊಳ್ಳುವುದು ಅವರ ಕೆಲಸದ ಭಾಗವೇ ಆಗಿತ್ತು.

ಭೀಮರಾಯರು ಮೊದಲಿನಿಂದಲೂ ಬಂಡಾಯಗಾರರಲ್ಲ. ಓದು-ಬರಹ ಬಲ್ಲವರು. ಕಂಪನಿ ಸರಕಾರದ ಕಂದಾಯ ಇಲಾಖೆ ಸೇರಿ ಬಳ್ಳಾರಿ ಸೀಮೆಯಲ್ಲಿ ತಹಸೀಲ್ದಾರ ದರ್ಜೆಯ ಹುದ್ದೆಯಲ್ಲಿದ್ದವರು. ಮುಂದೆ ಆ ನೌಕರಿ ಹೋಯಿತು. ಕೆಲಸ ಕಳೆದುಕೊಂಡು ಊರಿಗೆ ಬಂದ ಮನುಷ್ಯನಿಗೆ ಸರಕಾರದ ಒಳಗೂ ಗೊತ್ತಿತ್ತು, ಹೊರಗೂ ಗೊತ್ತಿತ್ತು. ಖಜಾನೆ ಎಲ್ಲಿರುತ್ತದೆ, ಟಪಾಲು ಹೆಂಗ ಹೋಗುತ್ತದೆ, ತಂತಿ ಎಲ್ಲಿ ಹಾಯ್ದಿದೆ, ದಂಡು ಎಲ್ಲಿಂದ ಬರುತ್ತದೆ, ಇದೆಲ್ಲ ತಿಳಿದವರು ಅವರು. ಹಿಂದೆ ಇದೇ ಅವರ ಬಲವಾಯಿತು.

ಹಕ್ಕು ಹೋದ ಸಿಟ್ಟು

ಆ ಹೊತ್ತಿಗೆ ನಮ್ಮ ಭಾಗದ ದೇಸಾಯಿಗಳು, ನಾಡಗೌಡರು ಎಲ್ಲರೂ ಕಂಪನಿ ಮೇಲೆ ಕುದಿಯುತ್ತಿದ್ದರು. ಕಾರಣ ಎರಡು.

ಮೊದಲನೇದು, ಇನಾಮು. 1852ರ ಕಾಯ್ದೆಯಿಂದ ಬಲ ಪಡೆದ ಇನಾಮು ಕಮಿಷನ್ ಮನೆ ಮನೆಯ ಸನದು, ಕಾಗದ ಪತ್ರ ಕೇಳಿತು. ತಲೆಮಾರುಗಳಿಂದ ಉಂಡ ಭೂಮಿಗೆ ದಾಖಲೆ ತೋರಿಸು ಅಂದರೆ ಎಷ್ಟು ಮಂದಿ ತೋರಿಸಲಿಕ್ಕೆ ಸಾಧ್ಯ? ಹುಳ ತಿಂದ ಕಾಗದ, ಸುಟ್ಟು ಹೋದ ಕಾಗದ, ಬಾಯಿ ಮಾತಿನ ಮೇಲೆ ಬಂದ ಹಕ್ಕು. ಅನೇಕರ ಇನಾಮು ಹೋಯಿತು. ಇದರ ಜೊತೆ ದತ್ತಕದ ಕಿರಿಕಿರಿ. ಮಕ್ಕಳಿಲ್ಲದ ನರಗುಂದದ ಅರಸ ಭಾಸ್ಕರರಾವ್ ಭಾವೆ, ಅಂದರೆ ನಮ್ಮ ಜನರ ಬಾಯಲ್ಲಿ ನರಗುಂದ ಬಾಬಾಸಾಹೇಬ, ದತ್ತು ತಗೊಳ್ಳಲು ಕೇಳಿದರೆ ಕಂಪನಿ ಒಪ್ಪಲಿಲ್ಲ. ಬಾಬಾಸಾಹೇಬರು ಯುದ್ಧದ ಹುಚ್ಚಿದ್ದವರಲ್ಲ, ದೊಡ್ಡ ಸಂಸ್ಕೃತ ಗ್ರಂಥ ಭಂಡಾರ ಕೂಡಿಟ್ಟ ವಿದ್ಯಾಪ್ರೇಮಿ. ಅಂಥವರೂ ತಿರುಗಿ ನಿಲ್ಲುವಂತಾಯಿತು.

ಎರಡನೇದು, ನಿಶ್ಶಸ್ತ್ರೀಕರಣ. 1857ರ ಮೇ ತಿಂಗಳಲ್ಲಿ ಮೀರತ್‌ನಲ್ಲಿ ಸಿಪಾಯಿಗಳು ಎದ್ದರು. ಅದರ ಹಿಂದಿನ ಕಿಡಿಯೂ ಬಂದೂಕಿನದೇ, ಎನ್‌ಫೀಲ್ಡ್ ರೈಫಲ್ಲಿನ ಕೊಬ್ಬು ಸವರಿದ ಕಾಡತೂಸು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸರಕಾರ ಹೊಸ ಕಾಯ್ದೆ ಮಾಡಿತು. ಪರವಾನಗಿ ಇಲ್ಲದೇ ಯಾರೂ ಆಯುಧ ಇಟ್ಟುಕೊಳ್ಳುವಂತಿಲ್ಲ, ಇದ್ದದ್ದನ್ನು ತಂದು ನೋಂದಾಯಿಸಬೇಕು ಇಲ್ಲವೇ ಒಪ್ಪಿಸಬೇಕು. ದಕ್ಷಿಣ ಮರಾಠಾ ಸೀಮೆ ಅಂತ ಕರೆಯುತ್ತಿದ್ದ ನಮ್ಮ ಭಾಗದಲ್ಲಿ ಇದನ್ನು ಬಿಗಿಯಾಗಿ ಜಾರಿ ಮಾಡಿದರು. ನರಗುಂದದ ಕೋಟೆಯ ದೊಡ್ಡ ತೋಪುಗಳನ್ನು ಧಾರವಾಡಕ್ಕೆ ಕಳಿಸು ಅಂತ ಬಾಬಾಸಾಹೇಬರಿಗೂ ಹೇಳಲಾಯಿತು.

ಭೂಮಿ ಹೋದದ್ದು ಹೊಟ್ಟೆಗೆ ಹೊಡೆತ. ಬಂದೂಕು ಕೇಳಿದ್ದು ಮಾನಕ್ಕೆ ಹೊಡೆತ.

ಹಲಗಲಿ ಕಲಿಸಿದ ಪಾಠ

ಈ ಕಾಯ್ದೆಗೆ ಮೊದಲು ಎದುರಾದವರು ದೊಡ್ಡ ದೇಸಾಯಿಗಳಲ್ಲ, ಬೇಟೆಯಾಡಿ ಬದುಕುತ್ತಿದ್ದ ಹಲಗಲಿಯ ಬೇಡರು. ಈಗಿನ ಬಾಗಲಕೋಟೆ ಜಿಲ್ಲೆಯಲ್ಲಿರುವ ಹಲಗಲಿ ಆಗ ಮುಧೋಳ ಸಂಸ್ಥಾನದ ಹಳ್ಳಿ. ಪೂಜೇರಿ ಹನುಮ, ಬಾಲ, ಜಡಗ, ರಾಮ ಮುಂದಾಳುಗಳಾಗಿ ಆಯುಧ ಕೊಡೋದಿಲ್ಲ ಅಂತ ನಿಂತರು. 1857ರ ನವೆಂಬರ್ ಕೊನೆಗೆ ದಂಡು ಬಂದು ಊರಿಗೆ ಬೆಂಕಿ ಇಟ್ಟಿತು. ಹಿಡಿದವರಲ್ಲಿ 19 ಮಂದಿಯನ್ನು ಡಿಸೆಂಬರ್‌ನಲ್ಲಿ ಮುಧೋಳದಲ್ಲೂ ಹಲಗಲಿಯಲ್ಲೂ ಗಲ್ಲಿಗೇರಿಸಿದರು. ಈ ಕಥೆಯ ಲಾವಣಿಯನ್ನು ನಮ್ಮ ಮಕ್ಕಳು ಶಾಲೆಯ ಪುಸ್ತಕದಲ್ಲೂ ಓದಿದ್ದಾರೆ.

ಹನುಮಸಾಗರದವರಿಗೆ ಇಳಕಲ್ಲ ದಾರಿ ಹಿಡಿದರೆ ಬಾಗಲಕೋಟೆ ಸೀಮೆ, ಗಜೇಂದ್ರಗಡದ ದಾರಿ ಹಿಡಿದರೆ ಗದಗ ಸೀಮೆ. ಒಂದು ಕಡೆ ಹಲಗಲಿ, ಇನ್ನೊಂದು ಕಡೆ ನರಗುಂದ, ಮುಂಡರಗಿ. ಆ ಕಾಲಕ್ಕೆ ಸಂತೆಯಿಂದ ಸಂತೆಗೆ ಈ ಸುದ್ದಿ ಹಬ್ಬಲು ಎಷ್ಟು ದಿನ ಬೇಕಾದೀತು ಅಂತ ನೀವೇ ಲೆಕ್ಕ ಹಾಕಿ.

ಹಲಗಲಿಯಿಂದ ಜನ ಒಂದು ಪಾಠ ಕಲಿತರು. ಬಹಿರಂಗವಾಗಿ ಕೊಡೋದಿಲ್ಲ ಅಂದರೆ ಊರು ಉಳಿಯೋದಿಲ್ಲ, ಅದಕ್ಕೆ ಬಂದೂಕನ್ನು ಮುಚ್ಚಿಡಬೇಕು. ಒಂದೆರಡು ಹಳೇದನ್ನು ಚಾವಡಿಗೆ ಒಪ್ಪಿಸಿ, ಒಳ್ಳೇದನ್ನು ಅಡಗಿಸುವುದು ಶುರುವಾಯಿತು.

ಹಮ್ಮಿಗಿಯ ಮುದ್ರೆ ಒಡೆದದ್ದು

ಭೀಮರಾಯರು ಇದೇ ಹೊತ್ತಿಗೆ ಸುತ್ತಲಿನ ಅಸಮಾಧಾನಿಗಳನ್ನು ಒಂದುಗೂಡಿಸುತ್ತಿದ್ದರು. ನರಗುಂದದ ಬಾಬಾಸಾಹೇಬರ ಜೊತೆ ಸಂಪರ್ಕ ಇತ್ತು. ಡಂಬಳ, ಸೊರಟೂರಿನ ದೇಸಾಯಿಗಳ ಜೊತೆ ಮಾತುಕತೆ ನಡೆದಿತ್ತು. ಎಲ್ಲರಿಗಿಂತ ಹತ್ತಿರದವರು ಹಮ್ಮಿಗಿಯ ಕೆಂಚನಗೌಡರು. ಹಮ್ಮಿಗಿ ತುಂಗಭದ್ರೆ ದಂಡೆಯ ಊರು, ಈಗ ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜ್ ಇರುವುದು ಅಲ್ಲೇ.

ಕೆಂಚನಗೌಡರ ಮನೆಯಲ್ಲಿ ಬಂದೂಕು, ಮದ್ದು-ಗುಂಡು ಕೂಡಿಟ್ಟಿದ್ದರು. 1858ರ ಮೇ ತಿಂಗಳಲ್ಲಿ ಅದರ ಸುಳಿವು ಸರಕಾರಕ್ಕೆ ಸಿಕ್ಕಿತು. ಅಧಿಕಾರಿಗಳು ಬಂದು ಆಯುಧಗಳಿದ್ದ ಜಾಗಕ್ಕೆ ಮುದ್ರೆ ಒತ್ತಿ, ಕಾವಲು ಹಾಕಿದರು. ಇನ್ನು ಮುಂದಿನದು ಗೊತ್ತಿದ್ದದ್ದೇ. ಮೇಲಿನವರು ಬರುತ್ತಾರೆ, ಎಣಿಸುತ್ತಾರೆ, ಯಾರದು ಅಂತ ಕೇಳುತ್ತಾರೆ, ಹಲಗಲಿಯಲ್ಲಿ ಆದದ್ದು ಹಮ್ಮಿಗಿಯಲ್ಲೂ ಆಗುತ್ತದೆ.

ಇಲ್ಲಿ ಭೀಮರಾಯರ ಮುಂದೆ ಎರಡೇ ದಾರಿ ಇದ್ದವು. ಸುಮ್ಮನಿದ್ದು ಗೆಳೆಯನನ್ನು ಬಿಟ್ಟುಕೊಡಬೇಕು, ಇಲ್ಲವೇ ತಯಾರಿ ಪೂರ್ತಿ ಆಗದಿದ್ದರೂ ಏಳಬೇಕು. ಅವರು ಎರಡನೇದನ್ನು ಆರಿಸಿಕೊಂಡರು. ಮೇ ಕೊನೆಯ ವಾರ ತಮ್ಮ ಜನರೊಂದಿಗೆ ಹಮ್ಮಿಗಿಗೆ ನುಗ್ಗಿ, ಕಾವಲಿನವರನ್ನು ಕೊಂದು, ಮುದ್ರೆ ಒಡೆದು ಬಂದೂಕುಗಳನ್ನು ಎತ್ತಿಕೊಂಡರು. ಕೂಡಿಟ್ಟ ಆಯುಧ ಆವತ್ತು ಹೊರಗೆ ಬಂತು. ಒಮ್ಮೆ ಹೊರಗೆ ಬಂದ ಮೇಲೆ ಅದನ್ನು ಮತ್ತೆ ಗೂಟಕ್ಕೆ ತೂಗುಹಾಕುವ ಮಾತೇ ಇರಲಿಲ್ಲ.

ಒಂದು ವಾರದ ಬಂಡಾಯ

ಮುಂದಿನದೆಲ್ಲ ಒಂದೇ ವಾರದಲ್ಲಿ ನಡೆದು ಹೋಯಿತು. ಡಂಬಳದ ಸರಕಾರಿ ಖಜಾನೆ ಲೂಟಿಯಾಯಿತು. ತಂತಿ ಮಾರ್ಗವನ್ನು ಕತ್ತರಿಸಿದರು. ತಂತಿ ಅಂದರೆ ಆಗ ಹೊಚ್ಚ ಹೊಸ ಸಾಧನ, ದಂಡು ಕರೆಸಲು ಕಂಪನಿಗೆ ಇದ್ದ ದೊಡ್ಡ ಅನುಕೂಲ. ಸರಕಾರದ ಒಳಗಿದ್ದು ಬಂದ ಮನುಷ್ಯನಿಗಲ್ಲದೆ ಬೇರೆಯವರಿಗೆ ಇದರ ಬೆಲೆ ಇಷ್ಟು ಚೆನ್ನಾಗಿ ಗೊತ್ತಾಗುತ್ತಿರಲಿಲ್ಲ. ಗದಗ ಸೀಮೆಯಲ್ಲಿ ಸುತ್ತಿ, ಧಾರವಾಡ ಜಿಲ್ಲೆಯ ಗಡಿ ದಾಟಿ ಭೀಮರಾಯರು ಕೊಪ್ಪಳಕ್ಕೆ ಬಂದರು.

ಕೊಪ್ಪಳವನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಕೋಟೆ. 1786ರಲ್ಲಿ ಟಿಪ್ಪು ಸುಲ್ತಾನ್ ಪಾಳೆಯಗಾರನಿಂದ ಪಡೆದು ಫ್ರೆಂಚ್ ಎಂಜಿನಿಯರುಗಳಿಂದ ಮತ್ತೆ ಕಟ್ಟಿಸಿದ ಕೋಟೆ ಅದು. 1790ರಲ್ಲಿ ನಿಜಾಮ ಮತ್ತು ಇಂಗ್ಲಿಷರ ಪಡೆಗಳು ಮುತ್ತಿಗೆ ಹಾಕಿದಾಗ ಸುಮಾರು 6 ತಿಂಗಳು ಕಾಯಬೇಕಾಯಿತು. ತಾವು ಹಿಂದೂಸ್ತಾನದಲ್ಲಿ ನೋಡಿದ ಕೋಟೆಗಳಲ್ಲಿ ಇದರಷ್ಟು ಗಟ್ಟಿಯಾದದ್ದು ಇನ್ನೊಂದಿಲ್ಲ ಎಂಬ ಅಭಿಪ್ರಾಯವನ್ನು ಸರ್ ಜಾನ್ ಮಾಲ್ಕಂ ಬರೆದಿಟ್ಟಿದ್ದಾರೆ. 1819ರಲ್ಲಿ ವೀರಪ್ಪ ಎಂಬ ಬಂಡಾಯಗಾರರು ಇದೇ ಕೋಟೆ ಹಿಡಿದು ನಿಂತಾಗ ಜನರಲ್ ಪ್ರಿಟ್ಜ್ಲರ್ ಬಂದು ತಗೊಂಡ. ಅದು ಆಗಿ 40 ವರ್ಷವೂ ಆಗಿರಲಿಲ್ಲ. ಕೊಪ್ಪಳದ ಗುಡ್ಡ ಹತ್ತಿ ಕೂತರೆ ಕೆಲವು ತಿಂಗಳಾದರೂ ತಡೆಯಬಹುದು ಅನ್ನುವ ಲೆಕ್ಕ ತಪ್ಪಲ್ಲ. ಕೋಟೆಯೊಳಗಿನ ಕಾವಲಿನವರೂ ದೊಡ್ಡ ಅಡ್ಡಿ ಮಾಡದ್ದರಿಂದ ಅದು ಸುಲಭವಾಗಿ ಕೈಗೆ ಬಂತು.

ಇತ್ತ ಭೀಮರಾಯರು ಎದ್ದ ಸುದ್ದಿ ಹಬ್ಬಿದ ಕೂಡಲೇ ನರಗುಂದವೂ ಎದ್ದಿತು. ಮೇ 29ರ ರಾತ್ರಿ ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಬಾಬಾಸಾಹೇಬರ ಕಡೆಯವರು ಕೊಂದರು. ಅವನ ತಲೆಯನ್ನು ತಂದು ನರಗುಂದದ ಅಗಸಿಗೆ ತೂಗುಹಾಕಿದರು.

ಜೂನ್ 1

ಆದರೆ ತಿಂಗಳುಗಟ್ಟಲೆ ತಡೆಯುವ ಲೆಕ್ಕ ನಡೆಯಲಿಲ್ಲ. ಮೇಜರ್ ಹ್ಯೂಸ್ ದಂಡು ತಗೊಂಡು ಕೊಪ್ಪಳಕ್ಕೆ ಬಂದ. ಜೂನ್ 1ರಂದು ಕೋಟೆ ಮೇಲೆ ದಾಳಿ ಆಯಿತು.

ಕೋಟೆ ಎಷ್ಟೇ ಗಟ್ಟಿ ಇರಲಿ, ಅದನ್ನು ಕಾಯಲು ಆಳು ಬೇಕು, ಮದ್ದು ಬೇಕು, ದಿನಸಿ ಬೇಕು. ವಾರದ ಹಿಂದೆ ಕೂಡಿದ ಗುಂಪಿಗೆ ಇದ್ಯಾವುದಕ್ಕೂ ಸಮಯ ಸಿಕ್ಕಿರಲಿಲ್ಲ. ಮನೆಗಳಲ್ಲಿ ಇಟ್ಟಿದ್ದ ಬಂದೂಕುಗಳ ಮಿತಿಯೂ ಇತ್ತು. ಆ ಕಾಲದ ಹಳ್ಳಿ ಬಂದೂಕು ಅಂದರೆ ಬಾಯಿಂದ ತುಂಬುವಂಥದ್ದು. ನಳಿಗೆಯೊಳಗೆ ಮದ್ದು ಸುರಿದು, ಗುಂಡು ಹಾಕಿ, ಮೇಲೆ ಚಿಂದಿ ತುರುಕಿ, ಉದ್ದನೆ ಗಜದಿಂದ ಜಡಿಯಬೇಕು. ಹಳೇ ನಮೂನೆಯದಾದರೆ ಉರಿಯುವ ಬತ್ತಿ ತಾಗಿಸಬೇಕು, ಹೊಸದಾದರೆ ಕೇಪು ಇಡಬೇಕು. ಒಮ್ಮೆ ಹಾರಿಸಿ ಮತ್ತೆ ತುಂಬುವುದರೊಳಗೆ ಎದುರಿನವನು ಓಡಿ ಬಂದು ಮುಟ್ಟಿಬಿಡುತ್ತಾನೆ. ಮದ್ದಿಗೆ ತೇವ ತಾಗಿದರೆ ಅದೂ ಇಲ್ಲ. ಊರು ಕಾಯಲು ಸಾಕಾಗುವ ಆಯುಧ ಕವಾಯತು ಕಲಿತ ದಂಡಿನ ಎದುರು ಸಾಕಾಗಲಿಲ್ಲ.

ಭೀಮರಾಯರು ಶರಣಾಗಲಿಲ್ಲ. ಕಾದಾಡುತ್ತಲೇ ಬಿದ್ದರು. ಅವರ ಜೊತೆ ಹಮ್ಮಿಗಿ ಕೆಂಚನಗೌಡರೂ ಬಿದ್ದರು. ಸಿಕ್ಕಿಬಿದ್ದವರನ್ನು ಲಷ್ಕರಿ ವಿಚಾರಣೆಗೆ ಒಳಪಡಿಸಿ ಅನೇಕರಿಗೆ ಮರಣದಂಡನೆ ಕೊಟ್ಟರು. ಅವರೆಲ್ಲ ಯಾರು? ಶೇತಸನದಿಗಳು, ವಾಲಿಕಾರರು, ಒಕ್ಕಲು ಮಕ್ಕಳು. ಕೋಟೆಗೆ ಹೋದಾಗ ಭೀಮರಾಯರ ಹೆಸರಿನ ಜೊತೆ ಇವರನ್ನೂ ನೆನೆಯಬೇಕಾಗುತ್ತದೆ.

ನರಗುಂದವೂ ಅದೇ ಹೊತ್ತಿಗೆ ಬಿತ್ತು. ತಪ್ಪಿಸಿಕೊಂಡು ಹೋದ ಬಾಬಾಸಾಹೇಬರು ಸಿಕ್ಕಿಬಿದ್ದು, ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿದರು. ಹಮ್ಮಿಗಿಯ ಮುದ್ರೆ ಒಡೆದು ಮೂರು ವಾರದೊಳಗೆ ಎಲ್ಲಾ ಮುಗಿದಿತ್ತು.

ಸೋತರೂ ಉಳಿದದ್ದು

ಸೋಲು ನಿಜ. ಅದನ್ನು ಮುಚ್ಚಿಡುವ ಅಗತ್ಯ ಇಲ್ಲ. ಖಜಾನೆ ಲೂಟಿ, ಕಾವಲಿನವರ ಕೊಲೆ, ಇವೂ ಆ ಕಥೆಯ ಭಾಗವೇ. ಹಮ್ಮಿಗಿಯಲ್ಲಿ ಕಾವಲಿಗೆ ನಿಂತು ಸತ್ತವರೂ ಸರಕಾರಿ ಪಗಾರಕ್ಕೆ ದುಡಿಯುತ್ತಿದ್ದವರೇ. ಆದರೂ ಮುಂಡರಗಿಯಲ್ಲಿ, ಕೊಪ್ಪಳದಲ್ಲಿ ಭೀಮರಾಯರ ಹೆಸರು ಹೋಗಲಿಲ್ಲ. ಯಾಕೆಂದರೆ ಆಗಿನ ಜನರಿಗೆ ಅವರು ಕೇಳಿದ ಪ್ರಶ್ನೆ ತಿಳಿದಿತ್ತು. ತನ್ನ ಊರು ಕಾಯುವ ಹಕ್ಕು ಯಾರದು? ಊರಿನವನದೋ, ದೂರದಿಂದ ಬಂದ ಕಂಪನಿಯದೋ?

ಸರಕಾರ ಮಾತ್ರ ತನ್ನ ಉತ್ತರವನ್ನು ಇನ್ನಷ್ಟು ಬಿಗಿ ಮಾಡಿತು. 1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದಲ್ಲಿ ಇಡೀ ದೇಶಕ್ಕೆ ಆಯುಧ ಕಾಯ್ದೆ ಬಂತು. ಲೈಸೆನ್ಸ್ ಇಲ್ಲದೇ ಬಂದೂಕು ಇಲ್ಲ ಅನ್ನುವುದು ಖಾಯಂ ಆಯಿತು. ನಮ್ಮ ರಾಜ್ಯದಲ್ಲೇ ಕೊಡವರಿಗೆ ಮಾತ್ರ ಬ್ರಿಟಿಷರ ಕಾಲದಿಂದ ವಿನಾಯಿತಿ ನಡೆದು ಬಂದಿದೆ. ಅವರ ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆ ನಡೆಯುವುದನ್ನು ನಾವು ನೋಡುತ್ತೇವೆ. ನಿಷ್ಠೆ ತೋರಿದವರೆಂದು ಒಂದು ಕಡೆ ಕೋವಿ ಬಿಟ್ಟರು, ನಮ್ಮ ಕಡೆ ಬಂಡಾಯದ ಸೀಮೆ ಅಂತ ಕಿತ್ತುಕೊಂಡರು.

ಅಷ್ಟಾದರೂ ಬಂದೂಕಿನ ಕಥೆ ಇಲ್ಲಿಗೆ ಮುಗಿಯಲಿಲ್ಲ. 90 ವರ್ಷದ ನಂತರ, 1947-48ರಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಿಜಾಮನ ಕೈಯಲ್ಲೇ ಉಳಿದ ನಮ್ಮ ಕೊಪ್ಪಳ, ಕುಷ್ಟಗಿ, ಯಲಬುರ್ಗಾ, ಗಂಗಾವತಿ ಭಾಗದ ಜನ ರಜಾಕಾರರ ಕಾಟಕ್ಕೆ ಗಡಿ ದಾಟಿ ಹೋದರು. ಅವರು ಕಟ್ಟಿಕೊಂಡ ಹೋರಾಟದ ಶಿಬಿರಗಳಲ್ಲಿ ಒಂದು ಅದೇ ಮುಂಡರಗಿಯಲ್ಲಿತ್ತು, ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂದಾಳತನದಲ್ಲಿ. ಇನ್ನೊಂದು ನಮ್ಮ ಮಗ್ಗಲಿನ ಗಜೇಂದ್ರಗಡದಲ್ಲಿ, ಪುಂಡಲೀಕಪ್ಪ ಜ್ಞಾನಮೋಠೆಯವರ ಮುಂದಾಳತನದಲ್ಲಿ. ಭೀಮರಾಯರು ಕೊಪ್ಪಳದ ಕಡೆ ಹೋದ ದಾರಿಯನ್ನೇ ಈ ಹೋರಾಟಗಾರರೂ ತುಳಿದರು. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಆಗಿ ನಮಗೆ ಬಿಡುಗಡೆ ಸಿಕ್ಕಿತು.

ಹಾಗಾಗಿ ಜಂತಿ ಮೇಲಿನ ಬಂದೂಕು ಬರೀ ಕಬ್ಬಿಣ, ಕಟ್ಟಿಗೆ ಅಲ್ಲ. ಒಂದು ಕಾಲಕ್ಕೆ ಕೊಡು ಅಂದರೂ ಕೊಡದೇ ಉಳಿಸಿದ್ದು, ಇನ್ನೊಂದು ಕಾಲಕ್ಕೆ ಲೈಸೆನ್ಸ್ ಮಾಡಿಸಿ ಉಳಿಸಿಕೊಂಡದ್ದು. ಅದಕ್ಕೇ ಹಾರದಿದ್ದರೂ ಮನೆಯವರಿಗೆ ಅದರ ಮೇಲೆ ಅಷ್ಟು ಮಮತೆ.

ಈಗ ಮನೆಯಲ್ಲಿ ಇದ್ದರೆ

ಕಂಪನಿ ಹೋಗಿದೆ. ಈಗಿರುವುದು ನಮ್ಮದೇ ಸರಕಾರ, ನಮ್ಮದೇ ಕಾಯ್ದೆ. ಹಾಗಾಗಿ ಭೀಮರಾಯರ ಹೆಸರು ಹೇಳಿ ಬಂದೂಕು ಮುಚ್ಚಿಡುವಂತಿಲ್ಲ. 1959ರ ಆಯುಧ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಆಗಿದೆ. ಒಬ್ಬರಿಗೆ 3ರ ಬದಲು 2 ಬಂದೂಕು ಮಾತ್ರ, ಪಿತ್ರಾರ್ಜಿತವಾಗಿ ಬಂದದ್ದಾದರೂ 2ರ ಮಿತಿ ದಾಟುವಂತಿಲ್ಲ. ಲೈಸೆನ್ಸ್ ಅವಧಿ 5 ವರ್ಷ.

ನಮ್ಮ ಕಡೆ ಬಹಳ ಮಂದಿ ತಪ್ಪುವುದು ಒಂದು ಕಡೆ. ಲೈಸೆನ್ಸ್ ಇದ್ದ ಅಪ್ಪನೋ ಅಜ್ಜನೋ ತೀರಿಕೊಂಡ ಮೇಲೆ ಬಂದೂಕು ಮನೆಯಲ್ಲೇ ಉಳಿಯುತ್ತದೆ, ಹೆಸರು ಬದಲಾಗೋದಿಲ್ಲ. ಆಗ ಅದನ್ನು ಠಾಣೆಯಲ್ಲೋ ಲೈಸೆನ್ಸ್ ಇರುವ ಅಂಗಡಿಯಲ್ಲೋ ಜಮಾ ಮಾಡಿ, ವಾರಸುದಾರರು ಜಿಲ್ಲಾಡಳಿತಕ್ಕೆ ಅರ್ಜಿ ಹಾಕಬೇಕು. ದುರಸ್ತಿ ಮಾಡಿದರೂ ಹಾರದ, ಪುರಾತನ ಬಂದೂಕಿಗೆ ಕಾಯ್ದೆಯಲ್ಲಿ ವಿನಾಯಿತಿ ಐತಿ. ಆದರೆ ಅದು ಅಂಥದ್ದೇ ಹೌದೋ ಅಲ್ಲವೋ ಅಂತ ನಾವೇ ತೀರ್ಮಾನ ಮಾಡಿಕೊಳ್ಳಬಾರದು, ಅಧಿಕಾರಿಗಳಿಗೆ ತೋರಿಸಬೇಕು.

ಇನ್ನೊಂದು ಮಾತು, ಇದು ಜೀವಕ್ಕೆ ಸಂಬಂಧಿಸಿದ್ದು. ಬಾಯಿಂದ ತುಂಬುವ ಹಳೇ ಬಂದೂಕಿನ ನಳಿಗೆಯಲ್ಲಿ ಅಜ್ಜ ತುಂಬಿದ ಮದ್ದು ಇನ್ನೂ ಹಾಗೇ ಇರಬಹುದು. ಒಣಗಿದ ಜಾಗದಲ್ಲಿದ್ದ ಕರಿಮದ್ದು ಹತ್ತಾರು ವರ್ಷ ಕಳೆದರೂ ಸಿಡಿಯುತ್ತದೆ. ತುಕ್ಕು ತಿಂದ ನಳಿಗೆ ಹಾರಿಸಿದವನ ಕೈಯಲ್ಲೇ ಒಡೆಯುತ್ತದೆ. ಹಬ್ಬದ ದಿನ ಹುಡುಗರು ಫೋಟೋ ಸಲುವಾಗಿ ಬಂದೂಕು ಹಿಡಿದು ಒಬ್ಬರ ಕಡೆ ಒಬ್ಬರು ಗುರಿ ಇಡುವುದನ್ನು ಹಿರಿಯರು ತಡೆಯಬೇಕು. ಪೂಜೆ ಮಾಡಿ, ಎಣ್ಣೆ ಹಚ್ಚಿ, ಎತ್ತಿಡಿ. ಹಾರಿಸುವ ಆಸೆ ಬೇಡ.

ಈ ಸಲ ಖಂಡೆ ನವಮಿಗೆ ಬಂದೂಕಿಗೆ ಮಾಲೆ ಹಾಕುವಾಗ ಮನೆಯ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಹಮ್ಮಿಗಿಯ ಮುದ್ರೆ, ಕೊಪ್ಪಳದ ಕೋಟೆ, ಜೂನ್ 1ರ ಕಥೆ ಹೇಳಿ. ಬಿಡುವಿದ್ದರೆ ಕುಷ್ಟಗಿ ಮಾರ್ಗವಾಗಿ ಬಸ್ ಹತ್ತಿ ಕೊಪ್ಪಳಕ್ಕೆ ಹೋಗಿ, ಕೋಟೆ ಹತ್ತಿ ಬನ್ನಿ. ಮಕ್ಕಳು ಆ ಬುರುಜಿನ ಮೇಲೆ ನಿಂತು ಕೆಳಗಿನ ಬಯಲು ನೋಡಿದರೆ ಒಂದು ವಾರದ ಆ ಬಂಡಾಯ ಎಷ್ಟು ದೊಡ್ಡದಿತ್ತು ಅನ್ನುವುದು ಅವರಿಗೇ ತಿಳೀತದ.